ಗೇಣಿಗಿಂತ ಚಿಕ್ಕ ಮದರ್‌ಬೋರ್ಡ್: ಕೊಳ್ಳೋ ಮುಂಚೆ ಏನೇನು ನೋಡ್ಬೇಕು

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಅಲ್ಲಿಂದೀಚೆಗೆ ಹೊಸ ಪಿಸಿ ಬಗ್ಗೆ ನನ್ನನ್ನ ಕೇಳೋರು ಜಾಸ್ತಿ ಆಗಿದಾರೆ. ಮೇಜಿನ ಕೆಳಗಿರೋ ಹಳೇ ಟವರ್ ಇನ್ನೂ ಚೆನ್ನಾಗೇ ಓಡ್ತಿರತ್ತೆ, ಆದ್ರೆ ವಿಂಡೋಸ್ 11 ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು ಅನ್ನತ್ತೆ, ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೇ ಪ್ರೊಸೆಸರ್‌ಗಳಲ್ಲಿ ಕೆಲವೇ ಕೆಲವನ್ನ ಬಿಟ್ರೆ ಯಾವುದನ್ನೂ ಪಟ್ಟಿಗೆ ಸೇರಿಸಿಲ್ಲ, ಹಾಗಾಗಿ ಹೊಸದು ಕಟ್ಟಲೇಬೇಕು, ಕಟ್ಟೋದೇ ಆದ್ರೆ ಈ ಸಲ ಮಾನಿಟರ್ ಪಕ್ಕದಲ್ಲೇ ಕೂರೋ ಅಂಥ ಚಿಕ್ಕದು ಇರ್ಲಿ ಅಂತ ಆಸೆ. ಒಳ್ಳೇ ಆಸೆನೇ ಅದು. ಮದರ್‌ಬೋರ್ಡ್ ಹುಡುಕೋಕೆ ಕೂತಾಗ ತೊಡಕು ಶುರುವಾಗತ್ತೆ.

ಪ್ರೊಸೆಸರ್ ಬಗ್ಗೆ, ರ‍್ಯಾಮ್ ಬಗ್ಗೆ ಎಲ್ಲರಿಗೂ ಅಲ್ಪಸ್ವಲ್ಪ ಗೊತ್ತಿರತ್ತೆ. ಮದರ್‌ಬೋರ್ಡ್ ಬಗ್ಗೆ ಅಷ್ಟು ಗೊತ್ತಿರಲ್ಲ, ಯಾಕಂದ್ರೆ ದೊಡ್ಡ ಪಿಸಿಯಲ್ಲಿ ತಿಳ್ಕೊಳ್ಳೋ ಅಗತ್ಯಾನೇ ಬೀಳಲ್ಲ. ದೊಡ್ಡ ಬೋರ್ಡಲ್ಲಿ ವೈಫೈ ಇಲ್ವಾ, ಒಂದು ಕಾರ್ಡ್ ಹಾಕಿದ್ರೆ ಆಯ್ತು. ರ‍್ಯಾಮ್ ಸಾಲ್ತಿಲ್ವಾ, ಇನ್ನೆರಡು ಸ್ಲಾಟ್ ಖಾಲಿ ಇರತ್ತೆ. ಚಿಕ್ಕ ಬೋರ್ಡಲ್ಲಿ ಹಾಗೆ ಆಗಲ್ಲ, ಕೊಂಡ ದಿನ ಅದ್ರಲ್ಲಿ ಏನಿದ್ಯೋ ಕೊನೇವರೆಗೂ ಬಹುಪಾಲು ಅಷ್ಟೇ. ಅದಕ್ಕೇ ದೊಡ್ಡ ಬೋರ್ಡ್ ಕೊಳ್ಳೋವಾಗ ಆಮೇಲೆ ನೋಡ್ಕೊಳ್ಳೋಣ ಅಂದು ಬಿಡಬಹುದಾದ ಲೆಕ್ಕಾನೆಲ್ಲ ಇಲ್ಲಿ ಮೊದಲೇ ಹಾಕ್ಬೇಕು.

ಅಳತೆಗಳ ಹೆಸರು

ಮದರ್‌ಬೋರ್ಡ್ ಅಂದ್ರೆ ಪಿಸಿಯ ಎಲ್ಲಾ ಭಾಗಗಳೂ ಬಂದು ಸೇರೋ ಹಲಗೆ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಒಂದಕ್ಕೊಂದು ಮಾತಾಡೋದು ಇದರೊಳಗಿನ ತಾಮ್ರದ ಗೆರೆಗಳ ಮೂಲಕ, ಅವಕ್ಕೆ ಕರೆಂಟ್ ಹೋಗೋದೂ ಹೆಚ್ಚಾಗಿ ಇಲ್ಲಿಂದಾನೇ.

ಈ ಹಲಗೆಗೆ ನಿಗದಿ ಆದ ಅಳತೆಗಳಿವೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ 305 x 244 ಮಿ.ಮೀ., ಮಾಮೂಲಿ ಟವರ್‌ನಲ್ಲಿರೋದು ಇದೇ. ಅದನ್ನ ಉದ್ದದಲ್ಲಿ ಕತ್ತರಿಸಿ ಚೌಕ ಮಾಡಿದ್ರೆ 244 x 244 ಮಿ.ಮೀ., ಅದು ಮೈಕ್ರೋ ಎಟಿಎಕ್ಸ್. ತೈವಾನ್‌ನ ವಯಾ ಟೆಕ್ನಾಲಜೀಸ್ 2001ರಲ್ಲಿ ತಂದಿದ್ದು ಮಿನಿ ಐಟಿಎಕ್ಸ್, 170 x 170 ಮಿ.ಮೀ., ನಮ್ಮ ಒಂದು ಗೇಣಿಗಿಂತ ಚಿಕ್ಕದು. ಈಗ ಚಿಕ್ಕ ಪಿಸಿ ಕಟ್ತೀನಿ ಅಂದ್ರೆ ಹೆಚ್ಚಾಗಿ ಮಿನಿ ಐಟಿಎಕ್ಸ್ ಅಂತಾನೇ ಅರ್ಥ. ಇದರ ನಾಲ್ಕು ಸ್ಕ್ರೂ ತೂತುಗಳು ಎಟಿಎಕ್ಸ್‌ನ ತೂತುಗಳ ಜಾಗದಲ್ಲೇ ಇವೆ, ಅಂದ್ರೆ ಚಿಕ್ಕ ಬೋರ್ಡನ್ನ ದೊಡ್ಡ ಕ್ಯಾಬಿನೆಟ್‌ನಲ್ಲೂ ಕೂರಿಸಬಹುದು. ಆಗ ಉಳಿದ ತೂತುಗಳಲ್ಲಿ ಮೊದಲೇ ಕೂತಿರೋ ಹಿತ್ತಾಳೆ ಕಾಲುಗಳನ್ನ ಮರೀದೆ ಬಿಚ್ಚಬೇಕು, ಬೋರ್ಡಿನ ಬೆನ್ನಿಗೆ ಅವು ತಗುಲಿದ್ರೆ ಶಾರ್ಟ್ ಆಗತ್ತೆ.

ಇನ್ನೂ ಚಿಕ್ಕ ಅಳತೆಗಳಿವೆ, ಇಂಟೆಲ್ 2015ರಲ್ಲಿ ತೋರಿಸಿದ 147 x 140 ಮಿ.ಮೀ.ನ ಮಿನಿ ಎಸ್‌ಟಿಎಕ್ಸ್ ಥರದ್ದು, ಆದ್ರೆ ಅವಕ್ಕೆ ಬೋರ್ಡ್, ಕ್ಯಾಬಿನೆಟ್ ಸಿಗೋದೇ ಕಷ್ಟ. ಹುಡುಕ್ವಾಗ ತಿನ್ ಮಿನಿ ಐಟಿಎಕ್ಸ್ ಅನ್ನೋ ಹೆಸರು ಕಂಡ್ರೆ ಹುಷಾರಾಗಿರಿ. ಉದ್ದ ಅಗಲ ಅದೇ 170 ಮಿ.ಮೀ., ಆದ್ರೆ ಹಿಂದಿನ ಪೋರ್ಟ್‌ಗಳ ಎತ್ತರ ಸುಮಾರು 25 ಮಿ.ಮೀ. ಅಷ್ಟೇ, ಲ್ಯಾಪ್‌ಟಾಪ್‌ನ ಗಿಡ್ಡ ರ‍್ಯಾಮ್ ಬೇಕು, ಕರೆಂಟ್ ಲ್ಯಾಪ್‌ಟಾಪ್ ಚಾರ್ಜರ್ ಥರದ ಅಡಾಪ್ಟರ್‌ನಿಂದ ಬರತ್ತೆ. ಮಾಮೂಲಿ ಮಿನಿ ಐಟಿಎಕ್ಸ್ ಅಂದ್ಕೊಂಡು ಇದನ್ನ ತರಿಸಿದ್ರೆ ಕೈಲಿರೋ ರ‍್ಯಾಮ್ ಹೊಂದಲ್ಲ.

ಏನೇನು ಬಿಟ್ಟು ಹೋಗತ್ತೆ

ಎಟಿಎಕ್ಸ್ ಬೋರ್ಡಿನ ವಿಸ್ತೀರ್ಣಕ್ಕೆ ಹೋಲಿಸಿದ್ರೆ ಮಿನಿ ಐಟಿಎಕ್ಸ್ ಹೆಚ್ಚುಕಮ್ಮಿ ಐದರಲ್ಲಿ ಎರಡು ಭಾಗ. ಆದ್ರೆ ಪ್ರೊಸೆಸರ್ ಕೂರೋ ಸಾಕೆಟ್ ಮಾತ್ರ ಎರಡ್ರಲ್ಲೂ ಒಂದೇ ಸೈಜು, ಅದನ್ನ ಕುಗ್ಗಿಸೋಕಾಗಲ್ಲ. ದೊಡ್ಡ ಮನೆ ಬಿಟ್ಟು ಒಂದು ಕೋಣೆ ಮನೆಗೆ ಹೋದ್ರೂ ಮಂಚದ ಸೈಜು ಬದಲಾಗಲ್ವಲ್ಲ, ಹಾಗೆ. ಮಂಚ ಇಟ್ಟ ಮೇಲೆ ಉಳಿದ ಜಾಗದಲ್ಲೇ ಬಾಕಿ ಎಲ್ಲಾನೂ ಹೊಂದಿಸ್ಬೇಕು.

ಹಾಗಾಗಿ ರ‍್ಯಾಮ್ ಸ್ಲಾಟ್ ನಾಲ್ಕರ ಬದಲು ಎರಡು, ಕಾರ್ಡ್ ಹಾಕೋ ಉದ್ದನೆ ಸ್ಲಾಟ್ ಒಂದೇ ಒಂದು, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಕಥೆ ಮುಗೀತು. ಫ್ಯಾನ್ ಸಿಕ್ಕಿಸೋ ಪಿನ್‌ಗಳು ಹೆಚ್ಚಿನ ಬೋರ್ಡುಗಳಲ್ಲಿ ಎರಡೋ ಮೂರೋ ಇರತ್ತೆ. ಹಾರ್ಡ್ ಡಿಸ್ಕ್‌ಗೆ ಬೇಕಾದ ಸಾಟಾ ಪೋರ್ಟ್‌ಗಳು ಎರಡರಿಂದ ನಾಲ್ಕು.

ಬೆಲೆ ಕಡಿಮೆ ಆಗತ್ತಾ ಅಂದ್ರೆ ಅದೂ ಇಲ್ಲ, ಅದೇ ಚಿಪ್‌ಸೆಟ್‌ನ (ಇದೇನು ಅಂತ ಮುಂದೆ ಹೇಳ್ತೀನಿ) ಮೈಕ್ರೋ ಎಟಿಎಕ್ಸ್‌ಗಿಂತ ಮಿನಿ ಐಟಿಎಕ್ಸ್‌ಗೆ ಸಾಮಾನ್ಯವಾಗಿ ಜಾಸ್ತಿನೇ ಕೊಡ್ಬೇಕು. ಚಿಕ್ಕ ಜಾಗದಲ್ಲಿ ಅಷ್ಟೂ ಗೆರೆಗಳನ್ನ ಒಂದಕ್ಕೊಂದು ತಾಗದ ಹಾಗೆ ಎಳೀಬೇಕಾದ್ರೆ ಹಲಗೆ ಒಳಗಿನ ಪದರಗಳನ್ನ ಹೆಚ್ಚಿಸ್ಬೇಕು, ಇಂಥ ಬೋರ್ಡ್ ಕೊಳ್ಳೋರೂ ಕಡಿಮೆ. ಅದಕ್ಕೆ ನಾನು ಕೇಳಿದವರಿಗೆಲ್ಲ ಮೊದಲು ಹೇಳೋದು, ನಿಮಗೆ ಬೇಕಾಗಿರೋದು ಹಳೇ ಟವರ್‌ಗಿಂತ ಚಿಕ್ಕದು ಅಷ್ಟೇನಾ, ಹಾಗಿದ್ರೆ ಮೈಕ್ರೋ ಎಟಿಎಕ್ಸ್ ಸಾಕು, ಖರ್ಚು ಉಳಿಯತ್ತೆ, ತಲೆನೋವೂ ತಪ್ಪತ್ತೆ. ಬ್ಯಾಗಲ್ಲಿ ಹಾಕ್ಕೊಂಡು ಹೋಗ್ಬೇಕು, ಶೆಲ್ಫಲ್ಲಿ ಕೂರ್ಬೇಕು ಅಂದ್ರೆ ಮಾತ್ರ ಮಿನಿ ಐಟಿಎಕ್ಸ್‌ಗೆ ಬನ್ನಿ.

ಮೊದಲು ಕ್ಯಾಬಿನೆಟ್, ಆಮೇಲೆ ಬೋರ್ಡ್

ದೊಡ್ಡ ಪಿಸಿಯಲ್ಲಿ ಕ್ಯಾಬಿನೆಟ್ ಕೊನೇಗೆ ಕೊಳ್ತಾರೆ. ಚಿಕ್ಕದ್ರಲ್ಲಿ ಉಲ್ಟಾ ಹೋಗ್ಬೇಕು, ಯಾಕಂದ್ರೆ ಇಲ್ಲಿ ಪ್ರೊಸೆಸರ್ ತಣ್ಣಗಿಡೋ ಕೂಲರ್ ಯಾವುದು, ಕರೆಂಟ್ ಕೊಡೋ ಎಸ್‌ಎಂಪಿಎಸ್ ಯಾವುದು, ಎಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ಅನ್ನೋದನ್ನೆಲ್ಲ ಕ್ಯಾಬಿನೆಟ್ಟೇ ಹೇಳತ್ತೆ, ಅದು ಗೊತ್ತಾದ ಮೇಲೇನೇ ಯಾವ ಬೋರ್ಡ್ ಸರಿಹೋಗತ್ತೆ ಅಂತ ಗೊತ್ತಾಗೋದು.

ಚಿಕ್ಕ ಕ್ಯಾಬಿನೆಟ್‌ಗಳನ್ನ ಲೀಟರ್‌ನಲ್ಲಿ ಅಳೀತಾರೆ, ನೀರಿನ ಡ್ರಮ್ ಅಳೆದ ಹಾಗೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದ್ರೆ ಲೀಟರ್ ಸಿಗತ್ತೆ. ಮಾಮೂಲಿ ಟವರ್ 40-50 ಲೀಟರ್ ಇರತ್ತೆ, 20 ಲೀಟರ್ ಒಳಗಿದ್ರೆ ಚಿಕ್ಕದು ಅಂತ ಲೆಕ್ಕ, 10ಕ್ಕೂ ಕಡಿಮೆ ಅಂದ್ರೆ ಒಂದೊಂದು ಮಿ.ಮೀ.ಗೂ ಬೆಲೆ ಬರತ್ತೆ.

ಮೊದಲು ನೋಡ್ಬೇಕಾದ್ದು ಕೂಲರ್ ಎತ್ತರದ ಮಿತಿ. ನಾಕ್ಟುವಾ ಅನ್ನೋ ಕೂಲರ್ ಕಂಪನಿಯ ಎನ್‌ಎಚ್-ಎಲ್9 ಸರಣಿಯಲ್ಲಿ ಫ್ಯಾನ್ ಸೇರಿ 37 ಮಿ.ಮೀ. ಎತ್ತರದ್ದೂ ಇದೆ, ಅಷ್ಟು ಗಿಡ್ಡ ಕೂಲರ್ ಹಾಕಿ 170 ವ್ಯಾಟ್‌ನ ಪ್ರೊಸೆಸರ್ ಓಡಿಸ್ತೀನಿ ಅಂದ್ರೆ ಆಗಲ್ಲ, 65 ವ್ಯಾಟ್ ವರ್ಗದ್ದು ಹಾಕಿ ನೆಮ್ಮದಿಯಾಗಿರ್ಬಹುದು. ಕೂಲರ್ ಪಕ್ಕಕ್ಕೆ ಚಾಚಿಕೊಂಡಿದ್ರೆ ರ‍್ಯಾಮ್ ಸ್ಟಿಕ್‌ಗೋ ಬೋರ್ಡಿನ ಹೀಟ್‌ಸಿಂಕ್‌ಗೋ (ಬಿಸಿ ಹೊರಹಾಕೋ ಲೋಹದ ತುಂಡು) ಬಡಿಯತ್ತೆ. ಈಚಿನ ಕೆಲವು ಮಿನಿ ಐಟಿಎಕ್ಸ್ ಬೋರ್ಡುಗಳಲ್ಲಿ ಹೀಟ್‌ಸಿಂಕ್‌ಗಳು ಗೋಡೆ ಥರ ಎದ್ದು ನಿಂತಿರತ್ತೆ, ಫೋಟೋದಲ್ಲಿ ಚೆಂದ ಕಾಣತ್ತೆ, ಕೂಲರ್ ಹಾಕೋಕೆ ಹೋದಾಗ ಅಡ್ಡ ಬರತ್ತೆ. ಕೂಲರ್ ಮಾಡೋ ದೊಡ್ಡ ಕಂಪನಿಗಳು ಯಾವ ಬೋರ್ಡಿಗೆ ತಮ್ಮ ಕೂಲರ್ ಹೊಂದತ್ತೆ ಅಂತ ತಮ್ಮ ಸೈಟಲ್ಲೇ ಪಟ್ಟಿ ಹಾಕಿರ್ತಾರೆ, ಅದನ್ನ ನೋಡಿ.

ಎಸ್‌ಎಂಪಿಎಸ್ ಕೂಡ ಚಿಕ್ಕದು ಬೇಕಾಗ್ಬಹುದು. ಮಾಮೂಲಿದು 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ. ಚಿಕ್ಕ ಕ್ಯಾಬಿನೆಟ್‌ಗಳು ಕೇಳೋದು ಎಸ್‌ಎಫ್‌ಎಕ್ಸ್, ಅದು 125 x 63.5 x 100 ಮಿ.ಮೀ. ಬೋರ್ಡಿಗೆ ಹೋಗೋ 24 ಪಿನ್ನಿನ ದಪ್ಪ ಕೇಬಲ್ ಎರಡಕ್ಕೂ ಒಂದೇ. ಬೋರ್ಡಿನ ಚಿತ್ರ ತೆಗೆದು ಆ 24 ಪಿನ್ ಎಲ್ಲಿದೆ, ಪ್ರೊಸೆಸರ್‌ಗೆ ಕರೆಂಟ್ ಕೊಡೋ 8 ಪಿನ್ ಎಲ್ಲಿದೆ ಅಂತ ಬೆರಳಿಟ್ಟು ನೋಡಿ, ನಿಮ್ಮ ಕ್ಯಾಬಿನೆಟ್‌ನಲ್ಲಿ ಆ ಜಾಗಕ್ಕೆ ಕೇಬಲ್ ಬಗ್ಗಿಸಿ ತರೋಕೆ ಆಗತ್ತಾ ಅಂತ ಮನಸ್ಸಲ್ಲೇ ಒಂದ್ಸಲ ಜೋಡಿಸಿ ನೋಡಿ.

ಕೆಲವು ಕ್ಯಾಬಿನೆಟ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಬೋರ್ಡಿನ ಬೆನ್ನಿಗೆ ಬೆನ್ನು ಕೊಟ್ಟು ಕೂರತ್ತೆ, ನಡುವೆ ರೈಸರ್ ಅನ್ನೋ ಪಟ್ಟಿ ಕೇಬಲ್. ಕಾರ್ಡ್ ಸ್ಲಾಟ್‌ನ ಪದ್ಧತಿಗೆ ಪಿಸಿಐಇ ಅಂತಾರೆ, ಬೋರ್ಡಿನ ಸ್ಲಾಟ್ ಅದರ 4ನೇ ಅಥವಾ 5ನೇ ತಲೆಮಾರಿನ ವೇಗದ್ದಾಗಿ ಕೇಬಲ್ 3ನೇ ತಲೆಮಾರಿನದ್ದಾದ್ರೆ ಸ್ಕ್ರೀನ್ ಕಪ್ಪಗೇ ಉಳಿಯಬಹುದು, ಇಲ್ಲ ಬಂದೂ ಬಂದೂ ಹೋಗಬಹುದು. ನನಗೆ ಒಂದು ಸಲ ಹೀಗಾಗಿ ಎರಡು ಸಂಜೆ ಹೋಯ್ತು, ಕಾರ್ಡ್ ಸತ್ತಿದೆ ಅಂತಾನೇ ನಂಬಿದ್ದೆ. ಕೊನೇಗೆ ಬೋರ್ಡಿನ ಡಿಸ್‌ಪ್ಲೇ ಪೋರ್ಟ್‌ಗೆ ಮಾನಿಟರ್ ಹಾಕಿ, ಬಯಾಸ್‌ಗೆ (ವಿಂಡೋಸ್ ಶುರುವಾಗೋ ಮುಂಚೆ ತೆರೆಯೋ ಬೋರ್ಡಿನ ಸೆಟ್ಟಿಂಗ್ಸ್) ಹೋಗಿ ಆ ಸ್ಲಾಟ್‌ನ ವೇಗ 3ನೇ ತಲೆಮಾರಿಗೆ ಇಳಿಸಿದ ತಕ್ಷಣ ಎಲ್ಲಾ ಸರಿ ಆಯ್ತು. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ದಿದ್ದಕ್ಕೆ ಅದು ಸಾಧ್ಯ ಆಯ್ತು, ಇಲ್ಲದಿದ್ರೆ ಬೋರ್ಡನ್ನ ಹೊರಗೆ ತೆಗೆದು ಕಾರ್ಡನ್ನ ನೇರ ಸ್ಲಾಟ್‌ಗೇ ಸಿಕ್ಕಿಸಿ ಬಯಾಸ್‌ಗೆ ಹೋಗ್ಬೇಕಾಗಿತ್ತು.

ಸಾಕೆಟ್, ಚಿಪ್‌ಸೆಟ್

ಸಾಕೆಟ್ ಅಂದ್ರೆ ಪ್ರೊಸೆಸರ್ ಕೂರೋ ಗೂಡು, ಅದು ಹೊಂದ್ಲಿಲ್ಲ ಅಂದ್ರೆ ಮುಂದೆ ಮಾತೇ ಇಲ್ಲ. ಎಎಂಡಿಯಲ್ಲಿ ಈಗ ಎಎಂ5, 2022ರಲ್ಲಿ ಬಂದಿದ್ದು, ರೈಜನ್ 7000, 8000, 9000 ಸರಣಿಗಳು ಕೂರತ್ತೆ. ಹಳೇ ಎಎಂ4ನಲ್ಲೂ ಬೋರ್ಡ್ ಸಿಗತ್ತೆ. ಇಂಟೆಲ್‌ನಲ್ಲಿ ಎಲ್‌ಜಿಎ 1700 ಅಂದ್ರೆ 12, 13, 14ನೇ ತಲೆಮಾರು, 2024ರಲ್ಲಿ ಬಂದ ಎಲ್‌ಜಿಎ 1851ರಲ್ಲಿ ಕೋರ್ ಅಲ್ಟ್ರಾ 200 ಸರಣಿ. ವಿಂಡೋಸ್ 11 ಕೇಳೋ ಟಿಪಿಎಂ ಇವೆಲ್ಲದರಲ್ಲೂ ಪ್ರೊಸೆಸರ್ ಕಡೆಯಿಂದಾನೇ ಬರತ್ತೆ, ಬೇರೆ ಚಿಪ್ ಕೊಳ್ಳೋದು ಬೇಡ, ಬಯಾಸ್‌ನಲ್ಲಿ ಎಎಂಡಿಗೆ ಎಫ್‌ಟಿಪಿಎಂ ಅಂತಲೂ ಇಂಟೆಲ್‌ಗೆ ಪಿಟಿಟಿ ಅಂತಲೂ ಇರತ್ತೆ, ಆಫ್ ಆಗಿದ್ರೆ ಆನ್ ಮಾಡಿ.

ಚಿಪ್‌ಸೆಟ್ ಅನ್ನೋದು ಬೋರ್ಡ್ ಮೇಲಿರೋ ಇನ್ನೊಂದು ಚಿಪ್. ಪ್ರೊಸೆಸರ್ ತನ್ನ ಪಕ್ಕದಲ್ಲಿರೋ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಒಂದೋ ಎರಡೋ ಎಸ್‌ಎಸ್‌ಡಿ ಜೊತೆ ನೇರ ಮಾತಾಡತ್ತೆ, ಉಳಿದ ಯುಎಸ್‌ಬಿ, ಸಾಟಾ, ನೆಟ್‌ವರ್ಕ್ ಅಂಥವೆಲ್ಲ ಬಹುಪಾಲು ಚಿಪ್‌ಸೆಟ್ ಮೂಲಕ ಬರ್ಬೇಕು. ದುಬಾರಿ ಚಿಪ್‌ಸೆಟ್ ಅಂದ್ರೆ ಮುಖ್ಯವಾಗಿ ಇಂಥ ದಾರಿಗಳು ಜಾಸ್ತಿ. ಆದ್ರೆ 170 ಮಿ.ಮೀ. ಹಲಗೆಯಲ್ಲಿ ಅಷ್ಟು ದಾರಿ ಕೊಟ್ರೂ ಕೊನೇಲಿ ಪೋರ್ಟ್ ಇಡೋಕೆ ಜಾಗ ಎಲ್ಲಿದೆ? ಅದಕ್ಕೆ ಚಿಕ್ಕ ಪಿಸಿಗೆ ಮಧ್ಯಮ ವರ್ಗದ ಚಿಪ್‌ಸೆಟ್ ಸಾಕು, ಎಎಂಡಿಯಲ್ಲಿ ಬಿ650 ಅಥವಾ ಬಿ850, ಇಂಟೆಲ್‌ನಲ್ಲಿ ಬಿ760 ಅಥವಾ ಬಿ860. ಇಂಟೆಲ್‌ನ ಕೆ ಅಕ್ಷರ ಇರೋ ಪ್ರೊಸೆಸರ್‌ಗಳನ್ನ ಓವರ್‌ಕ್ಲಾಕ್ ಮಾಡೋಕೆ, ಅಂದ್ರೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸೋಕೆ, ಝಡ್ ಸರಣಿ ಚಿಪ್‌ಸೆಟ್ ಬೇಕು, ಎಎಂಡಿಯಲ್ಲಿ ಬಿ650, ಬಿ850ನಲ್ಲೂ ಆಗತ್ತೆ. ಗಾಳಿಗೇ ಜಾಗ ಇಲ್ಲದ ಡಬ್ಬದಲ್ಲಿ ಓವರ್‌ಕ್ಲಾಕ್ ಮಾಡೋದನ್ನ ನಾನಂತೂ ಯಾರಿಗೂ ಹೇಳಲ್ಲ.

ಕರೆಂಟ್ ಹದ ಮಾಡೋ ಭಾಗ

ಬೋರ್ಡ್ ಆರಿಸೋವಾಗ ಜನ ಹೆಚ್ಚು ನೋಡದೆ ಬಿಡೋದು ಇದನ್ನ, ಚಿಕ್ಕ ಬೋರ್ಡಿನಲ್ಲಿ ಅತಿ ಮುಖ್ಯ ಆಗೋದೂ ಇದೇ. ಇದಕ್ಕೆ ವಿಆರ್‌ಎಂ ಅಂತಾರೆ. ಎಸ್‌ಎಂಪಿಎಸ್ ಪ್ರೊಸೆಸರ್ ಕಡೆಗೆ ಕಳಿಸೋದು 12 ವೋಲ್ಟ್, ಪ್ರೊಸೆಸರ್ ತಡ್ಕೊಳ್ಳೋದು ಹತ್ತಿರ ಹತ್ತಿರ 1.2 ವೋಲ್ಟ್. ಓವರ್‌ಹೆಡ್ ಟ್ಯಾಂಕಿಂದ ಜೋರಾಗಿ ಬರೋ ನೀರನ್ನ ಸಸಿ ಬುಡಕ್ಕೆ ಹಾಗೇ ಬಿಟ್ರೆ ಮಣ್ಣೆಲ್ಲ ಕೊಚ್ಚಿ ಹೋಗತ್ತೆ, ಒತ್ತಡ ಇಳಿಸಿ ಹದವಾಗಿ ಬಿಡ್ಬೇಕು. ವಿಆರ್‌ಎಂ ಮಾಡೋದು ಆ ಕೆಲಸ.

ಲೆಕ್ಕ ಹಾಕಿ ನೋಡಿದ್ರೆ ಅದರ ಕಷ್ಟ ಗೊತ್ತಾಗತ್ತೆ. ಪ್ರೊಸೆಸರ್ 120 ವ್ಯಾಟ್ ತಿಂತಿದೆ ಅಂದ್ಕೊಳ್ಳಿ. 12 ವೋಲ್ಟ್‌ನಲ್ಲಿ ಅದು 10 ಆಂಪಿಯರ್. ಅದೇ 120 ವ್ಯಾಟನ್ನ 1.2 ವೋಲ್ಟ್‌ನಲ್ಲಿ ಕೊಡ್ಬೇಕಾದ್ರೆ 100 ಆಂಪಿಯರ್ ಹರೀಬೇಕು. ಎರಡು ಬೆರಳಗಲದ ಜಾಗದಲ್ಲಿ 100 ಆಂಪಿಯರ್! ಈ ಬದಲಾವಣೆಯಲ್ಲಿ ನೂರಕ್ಕೆ ಹತ್ತರಷ್ಟು ಪೋಲಾದ್ರೂ 13 ವ್ಯಾಟ್ ಹತ್ರ ಬಿಸಿ ಅಲ್ಲೇ ಹುಟ್ಟತ್ತೆ. ಒಂದೇ ಜೊತೆ ಬಿಡಿಭಾಗ ಇಷ್ಟನ್ನ ಹೊರಲ್ಲ, ಅದಕ್ಕೆ ಹೊರೆಯನ್ನ ಹಂಚ್ತಾರೆ, ಭಾರದ ಬೀರುವನ್ನ ನಾಲ್ಕು ಜನ ಸೇರಿ ಎತ್ತೋ ಹಾಗೆ. ಹೊರೋ ಒಂದೊಂದು ಜೊತೆಗೂ ಫೇಸ್ ಅಂತಾರೆ. ಬೋರ್ಡಿನ ವಿವರದಲ್ಲಿ 8+2 ಥರ ಬರೆದಿರೋದು ಇದನ್ನೇ, ಸಾಮಾನ್ಯವಾಗಿ ಮೊದಲ ಸಂಖ್ಯೆ ಪ್ರೊಸೆಸರ್‌ನ ಕೋರ್‌ಗಳಿಗೆ, ಉಳಿದದ್ದು ಅದರ ಬೇರೆ ಭಾಗಗಳಿಗೆ. ಆದ್ರೆ ಎತ್ತೋರ ಸಂಖ್ಯೆ ಜೊತೆಗೆ ಒಬ್ಬೊಬ್ಬರ ಶಕ್ತಿನೂ ಲೆಕ್ಕಕ್ಕೆ ಬರತ್ತೆ, ಒಂದೊಂದು ಫೇಸ್ ಎಷ್ಟು ಆಂಪಿಯರ್ ಅಂತ ಬರೆದಿದ್ರೆ ಅದನ್ನೂ ಓದಿ, ಅದರ ಮೇಲೆ ಹೀಟ್‌ಸಿಂಕ್ ಇದ್ಯಾ ಇಲ್ವಾ ಅಂತ ಫೋಟೋದಲ್ಲಿ ನೋಡಿ.

ಇಲ್ಲೊಂದು ಮೋಸ ಹೋಗೋ ಜಾಗ ಇದೆ. ಪ್ರೊಸೆಸರ್ ಡಬ್ಬದ ಮೇಲಿನ ವ್ಯಾಟ್ ಅದು ನಿಜಕ್ಕೂ ಎಳೆಯೋ ಗರಿಷ್ಠ ವ್ಯಾಟ್ ಅಲ್ಲ. ಎಎಂ5ನಲ್ಲಿ 65 ವ್ಯಾಟ್ ಅಂತ ಬರೆದಿರೋದು 88 ವ್ಯಾಟ್‌ವರೆಗೂ ಹೋಗತ್ತೆ, 170 ಅಂತ ಬರೆದಿರೋದು 230ಕ್ಕೆ. ಇಂಟೆಲ್‌ನ ಐ5-12400 65 ವ್ಯಾಟ್‌ದು, ಜೋರಾಗಿ ಓಡುವಾಗ 117. ಐ9-14900ಕೆ 253. ಫೇಸ್ ಕಡಿಮೆ ಇರೋ, ಹೀಟ್‌ಸಿಂಕ್ ಇಲ್ಲದ ಬೋರ್ಡಿಗೆ ಅಂಥದ್ದನ್ನ ಹಾಕಿದ್ರೆ ಸುಟ್ಟು ಹೋಗೋದು ಅಪರೂಪ, ವಿಆರ್‌ಎಂ ಬಿಸಿ ತಡೀಲಾರದೆ ಪ್ರೊಸೆಸರ್‌ನ ವೇಗ ಇಳಿಸಿಬಿಡತ್ತೆ, ನೀವು ದುಡ್ಡು ಕೊಟ್ಟು ತಂದ ವೇಗ ಸಿಗೋದೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮೇಲಿಂದ ಕೆಳಕ್ಕೆ ಬೋರ್ಡಿನ ಕಡೆ ಗಾಳಿ ಊದೋ ಗಿಡ್ಡ ಕೂಲರ್ ಹಾಕಿದ್ರೆ ಆ ಗಾಳಿ ವಿಆರ್‌ಎಂ ಮೇಲೂ ಬೀಳತ್ತೆ. ನೀರಿನ ಕೂಲರ್ ಹಾಕಿದ್ರೆ ಪ್ರೊಸೆಸರ್ ತಣ್ಣಗಿರತ್ತೆ, ಪಕ್ಕದ ವಿಆರ್‌ಎಂಗೆ ಗಾಳಿ ಸಿಗಲ್ಲ. ಹಾಗಾಗಿ ನೀರಿನ ಕೂಲರ್ ಯೋಚನೆ ಇದ್ರೆ ಬೋರ್ಡಿನ ಹೀಟ್‌ಸಿಂಕ್ ಇನ್ನೂ ಗಟ್ಟಿ ಇರ್ಬೇಕು, ಕೆಲವು ಬೋರ್ಡ್‌ಗಳು ಅಲ್ಲೇ ಒಂದು ಪುಟಾಣಿ ಫ್ಯಾನ್ ಇಟ್ಟಿರತ್ತೆ, ಅದು ಸದ್ದು ಮಾಡ್ಬಹುದು.

ಎರಡೇ ರ‍್ಯಾಮ್ ಸ್ಲಾಟ್

ಎರಡು ಸ್ಲಾಟ್‌ಗೂ ಒಂದೊಂದು ಸ್ಟಿಕ್ ಹಾಕಿದ್ರೆ ಡೇಟಾ ಎರಡು ದಾರಿಯಲ್ಲಿ ಒಟ್ಟಿಗೆ ಹೋಗತ್ತೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನದ್ರಲ್ಲೇ ನಡೆಸೋರಿಗೆ ಇದರ ಲಾಭ ಚೆನ್ನಾಗಿ ಕಾಣತ್ತೆ. ಆದ್ರೆ ಈಗ 8 ಜಿಬಿಯ ಎರಡು ಹಾಕಿ ನಾಳೆ ಹೆಚ್ಚಿಸ್ತೀನಿ ಅಂದ್ರೆ ಇರೋದನ್ನ ತೆಗೀಬೇಕು, ಸೇರಿಸೋಕೆ ಜಾಗ ಇಲ್ವಲ್ಲ. ಅದಕ್ಕೆ ಮೊದಲೇ 16 ಜಿಬಿಯ ಎರಡು ಹಾಕೋದು ವಾಸಿ.

ಎಎಂ5, ಎಲ್‌ಜಿಎ 1851 ಎರಡಕ್ಕೂ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಕೆಲವು ಬೋರ್ಡ್ ಡಿಡಿಆರ್4, ಕೆಲವು ಡಿಡಿಆರ್5, ಹೆಸರಿನ ಕೊನೇ ಅಕ್ಷರದವರೆಗೂ ಓದಿ, ಇವೆರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರತ್ತೆ, ಒತ್ತಿದ್ರೂ ಕೂರಲ್ಲ. ಸ್ಟಿಕ್ ಮೇಲೆ ದೊಡ್ಡ ಅಲಂಕಾರ ಇರೋದು ಬೇಡ, ಗಿಡ್ಡದು ತಗೊಳ್ಳಿ. ಚಿಕ್ಕ ಬೋರ್ಡಿಗೆ ಇಲ್ಲಿ ಒಂದು ಒಳ್ಳೇ ಅಂಶಾನೂ ಇದೆ, ಸ್ಲಾಟ್ ಎರಡೇ ಇದ್ದು ಗೆರೆಗಳೂ ಗಿಡ್ಡ ಇರೋದ್ರಿಂದ ಹೆಚ್ಚಿನ ವೇಗದ ರ‍್ಯಾಮ್ ಓಡಿಸೋದು ನಾಲ್ಕು ಸ್ಲಾಟ್ ಬೋರ್ಡಿಗಿಂತ ಸುಲಭ.

ಬೋರ್ಡಿನ ಬೆನ್ನ ಮೇಲಿನ ಎಸ್‌ಎಸ್‌ಡಿ

ಎಂ.2 ಅನ್ನೋದು ಚ್ಯೂಯಿಂಗ್ ಗಮ್ ಪಟ್ಟಿ ಥರದ ಎಸ್‌ಎಸ್‌ಡಿ ಕೂರೋ ಸ್ಲಾಟ್. 2280 ಅಂತ ಬರೆದಿದ್ರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಅಂತ ಅರ್ಥ. ಮಿನಿ ಐಟಿಎಕ್ಸ್‌ನಲ್ಲಿ ಎದುರಿಗೆ ಒಂದು, ಇನ್ನೊಂದು ಬೆನ್ನ ಹಿಂದೆ ಇರೋದು ಸಾಮಾನ್ಯ. ಹಿಂದಿನದಕ್ಕೆ ಗಾಳಿ ಬರಲ್ಲ, ದಪ್ಪ ಹೀಟ್‌ಸಿಂಕ್ ಇರೋ ಎಸ್‌ಎಸ್‌ಡಿ ಅಲ್ಲಿ ಹಿಡಿಯೋದೂ ಇಲ್ಲ, ಬದಲಾಯಿಸ್ಬೇಕಾದ್ರೆ ಇಡೀ ಬೋರ್ಡನ್ನೇ ಬಿಚ್ಚಬೇಕು. ಕಡಿಮೆ ಬಿಸಿ ಆಗೋ, ಪದೇ ಪದೇ ಬದಲಾಯಿಸದ ಎಸ್‌ಎಸ್‌ಡಿಯನ್ನ ಅಲ್ಲಿ ಹಾಕಿ, ಅದನ್ನ ಬೋರ್ಡ್ ಕೂರಿಸೋ ಮುಂಚೆನೇ ಹಾಕಿ. ಎರಡನೇ ಎಂ.2 ಬಳಸಿದ್ರೆ ಯಾವುದಾದ್ರೂ ಸಾಟಾ ಪೋರ್ಟ್ ಬಂದ್ ಆಗತ್ತಾ ಅನ್ನೋದು ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇರತ್ತೆ.

ಪೋರ್ಟ್‌ಗಳು

ವೈಫೈ ಬೇಕಿದ್ರೆ ಬೋರ್ಡಲ್ಲೇ ಇರೋದನ್ನ ಕೊಳ್ಳಿ, ಒಂದೇ ಸ್ಲಾಟ್ ಗ್ರಾಫಿಕ್ಸ್‌ಗೆ ಹೋದ ಮೇಲೆ ವೈಫೈ ಕಾರ್ಡ್‌ಗೆ ಜಾಗ ಇರಲ್ಲ. ಹಿಂದಿನ ಯುಎಸ್‌ಬಿಗಳನ್ನ ಎಣಿಸಿ, ಕೀಬೋರ್ಡ್, ಮೌಸ್, ಪ್ರಿಂಟರ್ ಎಲ್ಲಾ ಲೆಕ್ಕ ಹಾಕಿ. ಕ್ಯಾಬಿನೆಟ್ ಮುಂದೆ ಟೈಪ್-ಸಿ ಇದ್ರೆ ಅದಕ್ಕೆ ಹೊಂದೋ ಪಿನ್ ಬೋರ್ಡಿನಲ್ಲೂ ಇರ್ಬೇಕು, ಇಲ್ಲದಿದ್ರೆ ಆ ಪೋರ್ಟ್ ಸುಮ್ನೆ ನೋಡೋಕಷ್ಟೇ. ಬೋರ್ಡಿನ ಎಚ್‌ಡಿಎಂಐ ಕೆಲಸ ಮಾಡೋಕೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರ್ಬೇಕು, ಹೆಸರಿನ ಕೊನೇಲಿ ಎಫ್ ಇದ್ರೆ ಇಲ್ಲ ಅಂತ ಅರ್ಥ.

ಪ್ರೊಸೆಸರ್ ಬೆಸೆದೇ ಬರೋ ಬೋರ್ಡ್

ಫೈಲ್ ಇಡೋಕೆ, ವಿಡಿಯೋ ನೋಡೋಕೆ, ಟೈಪ್ ಮಾಡೋಕೆ ಅಷ್ಟೇ ಬೇಕು ಅನ್ನೋರು ಇಂಟೆಲ್ ಎನ್100 ಬೆಸೆದಿರೋ ಮಿನಿ ಐಟಿಎಕ್ಸ್ ಬೋರ್ಡ್ ನೋಡ್ಬಹುದು. 2023ರಲ್ಲಿ ಬಂದ ಚಿಪ್ ಇದು, ನಾಲ್ಕು ಕೋರ್, 6 ವ್ಯಾಟ್ ವರ್ಗ, ಕೆಲವು ಬೋರ್ಡ್‌ಗಳಲ್ಲಿ ಫ್ಯಾನೇ ಇಲ್ಲದೆ ಹೀಟ್‌ಸಿಂಕ್‌ನಲ್ಲೇ ನಡೆಯತ್ತೆ, ಸದ್ದೇ ಇರಲ್ಲ. ಪ್ರೊಸೆಸರ್ ಮುಂದೆ ಬದಲಾಯಿಸೋಕಾಗಲ್ಲ, ರ‍್ಯಾಮ್ ಒಂದೇ ದಾರಿಯಲ್ಲಿ ಓಡತ್ತೆ, ಗೇಮ್‌ಗೆ ಇದು ಬೇಡ.

ಆರ್ಡರ್ ಮಾಡೋ ಮುಂಚೆ, ಮೊದಲ ಸಲ ಆನ್ ಮಾಡೋವಾಗ

ಬೋರ್ಡ್ ತಯಾರಕರ ಸೈಟಲ್ಲಿ ಅದೇ ಮಾಡೆಲ್‌ನ ಪ್ರೊಸೆಸರ್ ಪಟ್ಟಿ ತೆಗೀರಿ. ನಿಮ್ಮ ಪ್ರೊಸೆಸರ್ ಎದುರು ಬಯಾಸ್‌ನ ಒಂದು ನಂಬರ್ ಇರತ್ತೆ, ಆ ನಂಬರ್ ಅಥವಾ ಅದಕ್ಕಿಂತ ಹೊಸದು ಬೋರ್ಡಿನಲ್ಲಿ ಇರ್ಬೇಕು. ಗೋಡೌನಲ್ಲಿ ಕೂತಿದ್ದ ಹಳೇ ಬೋರ್ಡಿಗೆ ಆಮೇಲೆ ಬಂದ ಪ್ರೊಸೆಸರ್ ಹಾಕಿದ್ರೆ ಸ್ಕ್ರೀನ್ ಬರದೇ ಹೋಗಬಹುದು. ಬಯಾಸ್ ಫ್ಲ್ಯಾಶ್‌ಬ್ಯಾಕ್ ಅನ್ನೋ ಬಟನ್ ಬೋರ್ಡಿನ ಹಿಂದೆ ಇದ್ರೆ ಪೆನ್ ಡ್ರೈವ್ ಒಂದರಿಂದಾನೇ, ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡ್ಬಹುದು. ಎರಡು ಬೋರ್ಡ್ ನಡುವೆ ತೂಗ್ತಿದ್ರೆ ಈ ಬಟನ್ ಇರೋದನ್ನೇ ತಗೊಳ್ಳಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಪುಟ್ಟ ದೀಪಗಳೂ ಇದ್ರೆ ಇನ್ನೂ ಒಳ್ಳೇದು, ಏನೋ ಕೆಟ್ರೆ ಎಲ್ಲಿ ನಿಂತಿದೆ ಅಂತ ಅವು ತೋರಿಸತ್ತೆ.

ಎಎಂ5 ಬೋರ್ಡ್ ಆದ್ರೆ ಮೊದಲ ಸಲ ಪವರ್ ಬಟನ್ ಒತ್ತಿದ ಮೇಲೆ ಸ್ಕ್ರೀನ್ ಕೆಲವು ನಿಮಿಷ ಕಪ್ಪಗೇ ಇರ್ಬಹುದು, ಡಿರ‍್ಯಾಮ್ ದೀಪ ಹತ್ತಿಕೊಂಡೇ ಇರತ್ತೆ. ಕೆಟ್ಟಿದೆ ಅಂತ ಗಾಬರಿಯಾಗಿ ಸ್ವಿಚ್ ತೆಗೀಬೇಡಿ, ಬೋರ್ಡು ಹೊಸ ರ‍್ಯಾಮ್ ಜೊತೆ ವೇಗ ಹೊಂದಿಸ್ಕೊಳ್ತಿರತ್ತೆ. ಒಂದು ಹತ್ತು ನಿಮಿಷ ಬಿಟ್ಟು ನೋಡಿ.